ಬುಡು ಅಂದ ತಪ್ಪಿಗೆ

ಮೊನ್ನೆ ಮರಳೂರಿನ ಅಂಗಡಿಯಲ್ಲಿ ಮೊಮ್ಮಗಳ ಸ್ಕೂಲ್ ಶೂಗೆ ಬಿಳಿ ಪಾಲಿಷ್ ಕೊಂಡೆ. ಮನೆಗೆ ಬಂದು ಮುಚ್ಚಳ ತೆಗೆದರೆ ಅದೇ ಸುಣ್ಣದಂಥ ಹಸಿ ವಾಸನೆ... ಎಪ್ಪತ್ತರ ದಶಕದ ತುಮಕೂರು, ಮಣ್ಣಿನ ಕೋರ್ಟು, ನಮ್ಮ ಕ್ಯಾನ್ವಾಸ್ ಶೂಗಳು, ನಮ್ಮ ಬ್ಯಾಸ್ಕೆಟ್‌ಬಾಲ್ ಮೇಷ್ಟ್ರು. ಸಿಹಿ ನೆನಪು ಅಂದುಕೊಳ್ಳಬೇಡಿ.

ಮೇಷ್ಟ್ರು ಹಾಗಲವಾಡಿ ಕಡೆಯವರು, ಗುಬ್ಬಿಯ ಹೈಸ್ಕೂಲೊಂದರಲ್ಲಿ ಪೀಟಿ ಮೇಷ್ಟ್ರು. ಸಂಜೆಯಾದರೆ ಬಸ್ಸು ಹಿಡಿದು ತುಮಕೂರಿಗೆ ಬಂದು ನಮಗೆ ಆಟ ಕಲಿಸುತ್ತಿದ್ದರು. ಕುಣಿಗಲ್ಲಿನವರೆಗೂ ಅಲೆದು, ಅಪ್ಪಂದಿರ ಜೊತೆ ವಾದ ಮಾಡಿ ಹುಡುಗಿಯರನ್ನು ಕರೆತಂದಿದ್ದರು. ನಮ್ಮಪ್ಪನೂ ಸುಲಭಕ್ಕೆ ಒಪ್ಪಿದವರಲ್ಲ.

"ವಯಸ್ಸಿಗೆ ಬಂದ ಹುಡುಗಿ ಚಡ್ಡಿ ಹಾಕ್ಕೊಂಡು ಕುಣಿಯೋದಾ ಮೇಷ್ಟ್ರೇ?" ಅಂದರು ಅಪ್ಪ.

"ನಾಟಿ ಹಾಕಾಕೆ ಗದ್ದೆಗಿಳಿದಾಗ ಸೀರೆ ಎತ್ತಿ ಕಟ್ಟಾಕಿಲ್ವಾ ಸ್ವಾಮಿ? ಇದೂ ಅಂಗೇ," ಅಂದರು ಮೇಷ್ಟ್ರು. ಮರುದಿನ ಅಪ್ಪನೇ ಹೋಗಿ ನನಗೆ ಕ್ಯಾನ್ವಾಸ್ ಶೂ ತಂದರು.

ಕೋರ್ಟಿನ ಅಂಚಿನಲ್ಲಿ ನಿಂತು ಅವರು ಕೂಗುತ್ತಿದ್ದದ್ದು ಒಂದೇ ಮಾತು: "ಬುಡು! ಬುಡವ್ವ!" ಬಾಣ ಬಿಡು ಅನ್ನುತ್ತೇವಲ್ಲ, ಆ ಬಿಡು. ಅದು ಕಿವಿಗೆ ಬಿದ್ದರೆ ಸಾಕು, ಹಿಂದೆ ಮುಂದೆ ನೋಡದೆ ಚೆಂಡನ್ನು ರಿಂಗಿಗೆ ಎಸೆಯುತ್ತಿದ್ದೆವು. ಆ ಒಂದು ಕೂಗಿನ ಮೇಲೆ ನಮ್ಮ ಜಿಲ್ಲೆಗೆ ಎಷ್ಟು ಕಪ್ಪುಗಳು ಬಂದವೋ! ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ರಾಜ್ಯದ ಹುಡುಗಿಯರ ತಂಡಕ್ಕೇ ಅವರನ್ನು ಕೋಚ್ ಮಾಡಿದರು. ಆ ತಂಡದಲ್ಲಿ ತುಮಕೂರಿನಿಂದ ನಾವು ಮೂವರಿದ್ದೆವು, ಉಳಿದವರೆಲ್ಲ ಬೆಂಗಳೂರಿನವರು.

ಆ ವರ್ಷದ ರಾಷ್ಟ್ರೀಯ ಪಂದ್ಯಾವಳಿಯ ಫೈನಲ್‌ನಲ್ಲಿ ಒಂದು ಪಾಯಿಂಟ್ ಹಿಂದಿದ್ದೆವು. ಕೊನೆಯ ಗಳಿಗೆ. ಹಿಂದಿನ ದಿನವಷ್ಟೇ ತಂಡಕ್ಕೆ ಸೇರಿದ್ದ ಬೆಂಗಳೂರಿನ ಹುಡುಗಿಯ ಕೈಯಲ್ಲಿ ಚೆಂಡು, ಎದುರಿಗೆ ರಿಂಗು, ಅಡ್ಡ ಯಾರೂ ಇಲ್ಲ. ಮೇಷ್ಟ್ರು ಗಂಟಲು ಹರಿಯುವಂತೆ "ಬುಡು, ಬುಡು!" ಎಂದು ಕೂಗಿದರು. ಎತ್ತಿದ ಕೈ ಹಾಗೇ ಇಳಿಸಿ ಅವಳು ಅವರ ಕಡೆ ತಿರುಗಿದಳು. ಸೀಟಿ ಕೂಗಿತು, ಸೋತೆವು.

"ಬುಡು ಅಂದ್ರೆ ಬೇಡ ಅಂತ ಅಲ್ವಾ ಸಾರ್?" ಎಂದು ಅಳುತ್ತಾ ಕೇಳಿದಳು. ಪಾಪ, ಅವಳ ತಪ್ಪೇನಿತ್ತು? ಅವಳ ಮನೆಯಲ್ಲಿ ಬಿಡು ಅಂದರೆ 'ಹೋಗಲಿ ಬಿಡು' ಅಷ್ಟೇ.

ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಘದ ಕಾರ್ಯದರ್ಶಿಗೆ ಇಷ್ಟೇ ಬೇಕಿತ್ತು. ನಮ್ಮೆಲ್ಲರ ಮುಂದೆಯೇ, "ಕನ್ನಡಾನೇ ನೆಟ್ಟಗೆ ಬರಲ್ಲ, ಇವ್ರೇನ್ರೀ ಕೋಚಿಂಗ್ ಮಾಡ್ತಾರೆ?" ಅಂದ. ಅಕ್ಕಪಕ್ಕದವರು ನಕ್ಕರು. ಮೇಷ್ಟ್ರು ತಲೆ ತಗ್ಗಿಸಿ ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಮರುವರ್ಷ ಕೋಚ್ ಬೇರೆ. ಮೇಷ್ಟ್ರು ತಿದ್ದಿದ ಹುಡುಗಿಯರೇ ಆಡಿ ಗೆದ್ದೆವು, ಹಾರ ಮಾತ್ರ ಆ ಹೊಸಬನ ಕೊರಳಿಗೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಗೆದ್ದ ಖುಷಿಯಲ್ಲಿ ತುಮಕೂರಿನ ಕೋರ್ಟಿಗೆ ಓಡಿದರೆ ಮೇಷ್ಟ್ರು "ಶೂಟ್... ಶೂಟ್ ಮಾಡಿ" ಅನ್ನುತ್ತಿದ್ದರು. ಮಕ್ಕಳಂಥ ನಮಗೆ ಬಹುವಚನದಲ್ಲಿ 'ಮಾಡಿ' ಅನ್ನುವುದು! ಯಾರೋ ಬರೆದುಕೊಟ್ಟಿದ್ದನ್ನು ಓದಿದಂತಿತ್ತು. "ಮೊದ್ಲಿನಂಗೇ ಕೂಗಿ ಮೇಷ್ಟ್ರೇ" ಅಂದೆ. "ಬ್ಯಾಡ ಕಣವ್ವ, ತಪ್ಪಾಯ್ತದೆ" ಅಂದರು. ಬರಬರುತ್ತಾ ಕೂಗುವುದೇ ನಿಂತಿತು. ಆಮೇಲೆ ಬರುವುದೂ... ಅಷ್ಟು ಹೊತ್ತಿಗೆ ನನಗೂ ಮದುವೆಯಾಗಿತ್ತು.

ಪಾಲಿಷ್ ತಂದ ಮರುದಿನ ಮನಸ್ಸು ತಡೆಯದೆ ಗುಬ್ಬಿಗೆ ಹೋದೆ. ಮೇಷ್ಟ್ರು ತೀರಿಕೊಂಡು ವರ್ಷಗಳೇ ಆಗಿವೆಯಂತೆ, ನನಗೆ ಸುದ್ದಿಯೇ ಇರಲಿಲ್ಲ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ನೋವಿಂದ ಒದ್ದಾಡ್ತಾವ್ರೆ ಅಂತ ದೊಡ್ಡಾಸ್ಪತ್ರೆಗೆ ಕರ್ಕೊಂಡೋದ್ವಿ ಕಣವ್ವ. ಡಾಕ್ಟ್ರು ಎಲ್ಲಿ ನೋವು, ಎಂಗೆ ನೋವು ಅಂತ ಕೇಳ್ತಾನೇ ಇದ್ರು. ಇವ್ರು ಬಾಯೇ ಬುಡ್ಲಿಲ್ಲ. ನನ್ ಕಡೆ ತಿರುಗಿ, 'ನೀನೇ ಹೇಳು, ನನ್ ಮಾತು ಅವ್ರಿಗೆ ತಿಳಿಯಾಕಿಲ್ಲ' ಅಂದ್ರು. ನಾನೇನ್ ಹೇಳ್ಲವ್ವ? ನೋವು ಅವರ್ದು..."

ಆ ಕಾರ್ಯದರ್ಶಿಗೆ ಈಗಲೂ ಸಭೆಗಳಲ್ಲಿ ಶಾಲು ಹೊದಿಸುತ್ತಾರೆ. ನಾನು ಹೋಗುವುದಿಲ್ಲ. ನನ್ನ ಮೇಷ್ಟ್ರು ಇಲ್ಲ, ಮತ್ತು ಅವರಿಗೆ ಎಲ್ಲಿ ನೋಯುತ್ತಿತ್ತೆಂದು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ.