ಗುಲಾಬಿಯ ದಾನಾ

ಎಲ್ಲಾದರೂ ಹುರುಳಿ ಬೇಯುವ ವಾಸನೆ ಬಂದರೆ ಸಾಕು, ಯಲಬುರ್ಗಾದ ನಮ್ಮ ಮನೆಯ ಅಂಗಳ ಕಣ್ಣಿಗೆ ಕಟ್ಟುತ್ತದೆ. ಈಗ ಆ ಮನೆಯೂ ಇಲ್ಲ, ಆ ಜನವೂ ಇಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು. ನಿಜಾಮರ ಆಳಿಕೆಯಲ್ಲಿ ಕಂದಾಯ ತನಿಖೆಯ ಗಿರ್ದಾವರನಾಗಿದ್ದ ನನ್ನಜ್ಜ ಹಳ್ಳಿಹಳ್ಳಿ ಅಲೆದದ್ದು ಗುಲಾಬಿ ಎಂಬ ಹೆಣ್ಣು ಕುದುರೆಯ ಮೇಲೆ. ಇಬ್ಬರೂ ಮುದಿಯಾಗಿ ಮನೆ ಹಿಡಿದಾಗ ಗುಲಾಬಿಯ ಹಲ್ಲು ಸವೆದಿದ್ದವು, ಪಕ್ಕೆಲುಬು ಕಾಣುತ್ತಿದ್ದವು, ನಖರಾ ಮಾತ್ರ ಹೆಚ್ಚಾಗಿತ್ತು. ಹುರುಳಿ ಮೆತ್ತಗೆ ಬೇಯಬೇಕು, ಬಿಸಿ ಇರಬಾರದು, ಆರಿಯೂ ಇರಬಾರದು. ಬೆಲ್ಲ ಕಡಿಮೆಯಾದರೆ ಬುಟ್ಟಿಯನ್ನೇ ಮೂತಿಯಿಂದ ದೂಡುತ್ತಿತ್ತು. "ದಾನಾ ತರ್ರಿ!" ಎಂದು ಅಜ್ಜ ದಿನಾ ಮಧ್ಯಾಹ್ನ ಕೂಗುತ್ತಿದ್ದ. ಕುದುರೆಯ ತಿನಿಸಿಗೆ ಅವನ ಕಚೇರಿಯ ಉರ್ದು ಮಾತು ಅದು. "ನಮಗ ಒಣ ರೊಟ್ಟಿ, ನಿಮ್ಮ ರಾಣಿಗೆ ಬೆಲ್ಲ" ಎಂದು ಗೊಣಗುತ್ತಲೇ ಅಜ್ಜಿ ತಂದಿಡುತ್ತಿದ್ದಳು. ತಿನ್ನಿಸುವುದು ಅಜ್ಜನೇ. ಬೇರೆಯವರ ಕೈಗೆ ಅದು ಬಾಯಿ ಹಾಕುತ್ತಿರಲಿಲ್ಲ. "ಇನ್ನಷ್ಟು ಸೊರಗಿದ್ರ ಈ ಚಳಿಗಾಲ ದಾಟೂದಿಲ್ಲ" ಎಂದು ಅಜ್ಜ ಅದರ ಬೆನ್ನು ಸವರುತ್ತಿದ್ದ.

ಅಜ್ಜನಿಗೆ ಲಕ್ವಾ ಹೊಡೆದಾಗ ಬಾಯಿ ಸೊಟ್ಟಗಾಗಿ ಮಾತು ತೊದಲಿತು. ನಾನು, ಅಜ್ಜಿ ಇಬ್ಬರೇ ಹತ್ತಿರ ಇದ್ದೆವು. ಅವನು ಅಂಗಳದ ಕಡೆ ನೋಡಿ, "ಗುಲಾಬಿ... ದಾನಾ... ಕೊಡ್ರಿ" ಎಂದ. ಅಜ್ಜಿಯ ಕಣ್ಣಲ್ಲಿ ನೀರು ತುಂಬಿತು. ಸಾಯುವವರು ಆಕಳು ದಾನ ಕೊಡುವುದನ್ನು ಕಂಡವಳು ಅವಳು. ಸಂಜೆಯೊಳಗೆ ಕಿನ್ನಾಳದ ಅಯ್ಯನೊಬ್ಬರನ್ನು ಕರೆಸಿ, ಗುಲಾಬಿಯ ಹಣೆಗೆ ವಿಭೂತಿ ಹಚ್ಚಿ, ಹಗ್ಗ ಅವರ ಕೈಗಿತ್ತಳು.

ಕುಷ್ಟಗಿಯಿಂದ ಓಡಿಬಂದ ಕಾಕಾ ಖಾಲಿ ಗೂಟ ನೋಡಿ, ನಡೆದದ್ದು ಕೇಳಿ ಹಣೆ ಹಣೆ ಬಡಿದುಕೊಂಡ. "ಅವ್ವಾ, ಅಪ್ಪ ಕೇಳಿದ್ದು ಹುರಳಿ!"

"ದಿನಾ 'ತರ್ರಿ' ಅಂತಿದ್ರು. ಇವತ್ತ 'ಕೊಡ್ರಿ' ಅಂದ್ರು" ಎಂದಳು ಅಜ್ಜಿ.

"ಏಳಾಕ ಬರದವ್ರು ಮತ್ತೇನಂತಾರ? ನೀವs ಕೊಡ್ರಿ ಅಂದಾರ."

ಕೊಟ್ಟ ದಾನ ಹಿಂದಕ್ಕೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಜ್ಜನ ಮಾತು ಆಮೇಲೆ ಹೊರಡಲೇ ಇಲ್ಲ. ಬರಿದಾದ ಅಂಗಳ ನೋಡುತ್ತ ಅವನು ಅಳುತ್ತಿದ್ದ. ಅದು ಸಮಾಧಾನದ್ದೋ ಸಂಕಟದ್ದೋ ನಮಗಾರಿಗೂ ತಿಳಿಯಲಿಲ್ಲ. ಹಾಗೆಯೇ ಅವನು ತೀರಿಕೊಂಡ.

ಗುಲಾಬಿಯೂ ಬಹಳ ದಿನ ಉಳಿಯಲಿಲ್ಲ. ಏನು ಹಾಕಿದರೂ ಮೂಸಿ ಬಿಡುತ್ತಿತ್ತಂತೆ. ಅಯ್ಯನವರೇ ಬಂದು ಅಳುಮೋರೆ ಮಾಡಿ ಹೇಳಿದರು. ಅವರು ಹೋದ ಮೇಲೆ ಅಜ್ಜಿ ನನ್ನ ರಟ್ಟೆ ಹಿಡಿದಳು. "ನೀನೂ ಅಲ್ಲೇ ಇದ್ದೆಲ್ಲ, ನನ್ನವ್ವಾ. ಖರೇ ಹೇಳು. ಹಸದ ಕುದುರೀನ ನಾನು ಮನಿ ಬಿಡಿಸಿದೆನೇನು?"

ಅಜ್ಜನ ಮಾತನ್ನು ಮನಸ್ಸಿನಲ್ಲೇ ಆಡಿ ನೋಡಿದೆ. ದಾನಾ, ದಾನ ಎರಡೂ ಒಂದೇ ಹಾಗೆ ಕೇಳಿಸಿದವು. ಈಗ ನನಗೆ ಅಜ್ಜಿಯ ವಯಸ್ಸು. ಅವಳು ನನ್ನ ಬಾಯಿಯನ್ನೇ ನೋಡುತ್ತ ಇನ್ನೂ ಕಾಯುತ್ತಿದ್ದಾಳೆ ಅನ್ನಿಸುತ್ತದೆ.