ಏಕಾದಶಿಯಂದು ಏರುತ್ತಿದ್ದ ನಾಡಿ

ಮೊನ್ನೆ ಚೆನ್ನೈನ ವೆಸ್ಟ್ ಮಾಂಬಲಂ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಯಜಮಾನರ ಕೈಗಡಿಯಾರಕ್ಕೆ ಪಟ್ಟಿ ಕೊಳ್ಳುತ್ತಿದ್ದೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಂದದ್ದೇ ತಡ, ಕೆಳಗಿನ ಮನೆಯ ಮಾಮಿ ಎದುರಿಗೆ ಬಂದು ನಿಂತಂತಾಯಿತು...

ಮಾಮಿ ಉಡುಪಿ ಕಡೆಯವರು. ಮಾಮ ಇಲ್ಲಿಯ ಹೋಟೆಲೊಂದರ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ಮಾಮಿಗೆ ಬೈಪಾಸ್ ಆದ ಮೇಲೆ ಪೋರೂರಿನ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟರು. ಅಲ್ಲಿಯ ಫಿಸಿಯೋಥೆರಪಿ ಹುಡುಗಿ ನಾಡಿ ತೋರಿಸುವ ರಬ್ಬರ್ ಪಟ್ಟಿಯ ಗಡಿಯಾರ ಕಟ್ಟಿಸಿ, ನಡೆಯುವಾಗ ನೂರಹತ್ತು ದಾಟಿದರೆ ಅದು ಕೂಗುತ್ತದೆ, ಆಗ ನಿಂತುಬಿಡಿ ಎಂದಿದ್ದಳು. ದಿನವೂ ನಾಡಿ ಹದದಲ್ಲಿದ್ದರೆ ಮಾತ್ರ ಮುಂದೆ ಮೆಟ್ಟಿಲು ಹತ್ತುವುದು.

ಮಾಮಿಗೆ ಬೇಕಾಗಿದ್ದುದು ಆ ಮೆಟ್ಟಿಲೇ. ಲಿಫ್ಟ್ ಇಲ್ಲದ ಕಟ್ಟಡ ನಮ್ಮದು. ಅವರ ತುಳಸಿ ಇದ್ದುದು ತಾರಸಿಯಲ್ಲಿ. ಆಪರೇಷನ್ ಆದಾಗಿನಿಂದ ನೀರು ಹಾಕುವ ಕೆಲಸ ನನಗೆ ಬಂದಿತ್ತು. ಇಳಿದು ಬಂದರೆ ಬೇರಿಗೆ ಹಾಕಿದೆಯೋ ಎಲೆಗೆ ಹಾಕಿದೆಯೋ ಎಂದು ವಿಚಾರಣೆ.

ಬೆಳಿಗ್ಗೆ ಕಾರು ನಿಲ್ಲಿಸುವ ಜಾಗದಲ್ಲಿ ನಾವಿಬ್ಬರೂ ನಡೆಯುತ್ತಿದ್ದೆವು. ನಾಡಿ ಸಾಮಾನ್ಯವಾಗಿ ಮಾಮಿಯ ಮಾತು ಕೇಳುತ್ತಿತ್ತು. ಆದರೆ ನಡುನಡುವೆ ಒಂದೊಂದು ದಿನ ನಾಲ್ಕು ಹೆಜ್ಜೆಗೇ ಗಡಿಯಾರ ಕೂಗಿಕೊಳ್ಳುವುದು, ಆಸ್ಪತ್ರೆಯವರು ಮೆಟ್ಟಿಲ ಮಾತನ್ನು ಮುಂದೂಡುವುದು... ಹೀಗೇ ಆಗುತ್ತಿತ್ತು. ಮಾಮಿ ಮಾತು ಕಡಿಮೆ ಮಾಡಿದರು.

ಒಂದು ಬೆಳಿಗ್ಗೆ ಮತ್ತೆ ಹಾಗಾದಾಗ ಅವರನ್ನು ಮನೆಗೆ ಕರೆತಂದು ಕೂರಿಸಿದೆ. ಅಡುಗೆಮನೆ ತಣ್ಣಗಿತ್ತು. ಇಂಗಿನ ಒಗ್ಗರಣೆಯ ವಾಸನೆಯಿಲ್ಲ. ಲೋಟಗಳೆಲ್ಲ ಒಣಗಿ ಬೋರಲಾಗಿದ್ದವು. ನೀರು ಕೊಡಹೋದರೆ ಬೇಡವೆಂದರು.

“ಮಾತ್ರೆ ತಗೊಂಡಿರಾ ಮಾಮಿ?”

“ಇವತ್ತು ಏಕಾದಶಿ ಅಲ್ವಾ. ನೀರೇ ಮುಟ್ಟುವುದಿಲ್ಲ, ಮಾತ್ರೆ ಎಂಥದು? ಕಾನ್ವೆಂಟಿನವಳಿಗೆ ಇದೆಲ್ಲ ಎಲ್ಲಿ ಗೊತ್ತುಂಟು.”

ಮಾಮ ಪೇಪರಿನಿಂದ ತಲೆಯೆತ್ತದೆ ಅಂದರು: “ನಿನ್ನ ಹೃದಯಕ್ಕೆ ಏಕಾದಶಿ ಉಂಟಾ ಮಾರಾಯ್ತಿ? ಅದು ಇವತ್ತೂ ಕೆಲಸಕ್ಕೆ ಬಂದಿದೆಯಲ್ಲ.”

ಮಾಮಿ ನಗಲಿಲ್ಲ. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ನಾಡಿಯನ್ನು ಹತೋಟಿಯಲ್ಲಿಡುವುದೇ ಆ ಮಾತ್ರೆ, ಅದನ್ನು ಒಂದು ದಿನವೂ ಬಿಡಬಾರದು, ಉಪವಾಸವಿದ್ದ ದಿನ ನಡಿಗೆಯೂ ಬೇಡ ಎಂದು ಆ ಹುಡುಗಿ ಡಾಕ್ಟರನ್ನು ಕೇಳಿ ಬಂದು, ಮಾಮಿಗೂ ಕೇಳುವಂತೆ ತಮಿಳಿನಲ್ಲಿ ಗದರಿಯೇ ಬಿಟ್ಟಳು. ಮಾಮಿ ಎದ್ದು ದೇವರ ಮನೆಗೆ ಹೋಗಿ, ಏಕಾದಶಿಯಂದು ಅವರಿಗೆ ಸಲ್ಲುವ ಒಂದೇ ಒಂದು ಉದ್ಧರಣೆ ತೀರ್ಥದಲ್ಲಿ ಮಾತ್ರೆ ನುಂಗಿ ಬಂದರು. ಮುಂದಿನ ಏಕಾದಶಿಗಳಲ್ಲೂ ಅದೇ ಕ್ರಮವಾಯಿತು.

ಆಮೇಲೆ ಗಡಿಯಾರ ಕೂಗಲಿಲ್ಲ. ಮೆಟ್ಟಿಲಿಗೆ ಅನುಮತಿ ಸಿಕ್ಕ ದಿನ ಮಾಮಿ ತಾಮ್ರದ ಚೊಂಬನ್ನು ನನ್ನ ಕೈಗೆ ಕೊಡಲೇ ಇಲ್ಲ. ನಾನು ಮುಂದೆ, ಅವರು ಹಿಂದೆ. ತಿರುವು ಬಂದಲ್ಲೆಲ್ಲ ನಿಂತು, ಗಡಿಯಾರ ನೋಡಿ, ನಾಡಿ ಇಳಿದ ಮೇಲೆ ಮತ್ತೆ ಹತ್ತುವುದು. ತಾರಸಿ ಮುಟ್ಟಿದವರು ತುಳಸಿಯ ಒಣಗಿದ ಕದಿರುಗಳನ್ನು ಚಿವುಟುತ್ತಾ, ಇಷ್ಟು ದಿನ ಇದು ನಿನ್ನ ಕಣ್ಣಿಗೆ ಬೀಳಲಿಲ್ಲವಾ ಎಂದು ಕೇಳಿದರು. ಅಷ್ಟು ಸಂತೋಷದ ಬೈಗುಳ ನಾನು ಮತ್ತೆ ಕೇಳಿಲ್ಲ.

ಹಲವು ವರ್ಷ ಹಾಗೆಯೇ ಹತ್ತಿದರು. ಹೋದ ವರ್ಷ ಮಾಮಿ ತೀರಿಕೊಂಡರು. ಈಗ ನೀರು ಹಾಕುವುದು ಮತ್ತೆ ನಾನೇ. ತಿರುವಿನಲ್ಲಿ ಸುಮ್ಮನೆ ನಿಲ್ಲುತ್ತೇನೆ. ಆಯಾಸವೇನೂ ಇಲ್ಲ... ಹಿಂದೆ ಬರುವವರಿಗಾಗಿ ಕಾಯುವ ರೂಢಿ ಕಾಲಿಗೆ ಇನ್ನೂ ಬಿಟ್ಟಿಲ್ಲ.