ತಿರುವಿಗೆ ಮೊದಲು ಬ್ರೇಕು

ಗಂಡ ಕಾರು ಓಡಿಸುವಾಗ ಪಕ್ಕದ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ಅಲಮೇಲುವಿಗೆ ಕಾರು ಕೊಂಡ ಹದಿನೇಳು ವರ್ಷಗಳಲ್ಲಿ ಒಂದು ದಿನವೂ ಸಾಧ್ಯವಾಗಿರಲಿಲ್ಲ. ನಾಣಿ ಒಳ್ಳೆಯ ಮನುಷ್ಯ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು, ಮಕ್ಕಳ ಮೇಲೂ ದನಿ ಎತ್ತಿದವನಲ್ಲ. ಆದರೆ ತಿರುವು ಬಂತೆಂದರೆ ಬಂದ ವೇಗದಲ್ಲೇ ಒಳಗೆ ನುಗ್ಗುವುದು, ಸ್ಟೇರಿಂಗ್ ಅರ್ಧ ತಿರುಗಿಸಿದ ಮೇಲೆ ಗಾಬರಿಯಾಗಿ ಬ್ರೇಕ್ ತುಳಿಯುವುದು.

"ನೇರ ಇದ್ದಾಗ್ಲೇ ಬ್ರೇಕ್ ಹಾಕ್ರೀ, ಆಮೇಲೆ ತಿರುಗ್ಸಿ! ತಿರುಗ್ಸೋವಾಗ ಹಾಕಿದ್ರೆ ಭಾರ ಎಲ್ಲಾ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರ ಆಗುತ್ತೆ, ಜಾರುತ್ತೆ. ಎಷ್ಟು ಸಲ ಹೇಳೋದು?"

"ಲೈಸೆನ್ಸ್ ಇರೋದು ನನ್ ಹತ್ರಾನೋ ನಿನ್ ಹತ್ರಾನೋ?"

ಲೈಸೆನ್ಸ್ ಇದ್ದದ್ದು ಅವನ ಹತ್ತಿರವೇ. ಅಲಮೇಲು ಜೀವನದಲ್ಲಿ ಒಮ್ಮೆಯೂ ನಿಜವಾದ ಕಾರು ಓಡಿಸಿದವಳಲ್ಲ. ಅವಳು ಓಡಿಸಿದ್ದೆಲ್ಲ ಕಂಪ್ಯೂಟರಿನಲ್ಲಿ.

ಅದು ಶುರುವಾದದ್ದು ತೊಂಬತ್ತೆಂಟರಲ್ಲಿ. ರಾಜಾಜಿನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವಳು ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಅನಿಮೇಷನ್ ಕೋರ್ಸ್ ಶುರು ಮಾಡುತ್ತೇವೆಂದು ಕೇಂದ್ರದ ಯಜಮಾನರು, ಪರದೆಯ ಮೇಲೆ ಚಿತ್ರಗಳನ್ನು ಚುರುಕಾಗಿ ಮೂಡಿಸುವ ಒಂದು ಹೊಸ ಗ್ರಾಫಿಕ್ಸ್ ಕಾರ್ಡ್ ತರಿಸಿದರು. ಅದರ ಡಬ್ಬಿಯಲ್ಲೇ ರೇಸಿನ ಆಟದ ಸಿಡಿ ಒಂದಿತ್ತು. "ಕಾರ್ಡ್ ಕೆಲಸ ಮಾಡುತ್ತಾ ನೋಡಮ್ಮ" ಎಂದು ಯಜಮಾನರು ಹೇಳಿ ಹೋದರು. ವ್ಯತ್ಯಾಸ ತಿಳಿಯಬೇಕಲ್ಲ ಎಂದು ಅಲಮೇಲು ಮೊದಲು ಕಾರ್ಡ್ ಇಲ್ಲದೆಯೇ ಆಡಿ ನೋಡಿದಳು. ರಸ್ತೆ ಕುಂಟಿಕೊಂಡು ಬರುತ್ತಿತ್ತು. ಒಂದು ಚಿತ್ರ, ಸ್ವಲ್ಪ ಬಿಟ್ಟು ಇನ್ನೊಂದು ಚಿತ್ರ. ತಿರುವು ಕಂಡಿತು ಅನ್ನುವಷ್ಟರಲ್ಲಿ ಕಾರು ಗೋಡೆಗೆ ಬಡಿದಿರುತ್ತಿತ್ತು. ಸಿಟ್ಟು ಬಂತು. ಕ್ಲಾಸು ಮುಗಿದ ಮೇಲೆ ವಾರಗಟ್ಟಲೆ ಕೂತಳು. ಕಣ್ಣಿಗೆ ಕಾಣುವುದನ್ನು ನಂಬಬಾರದು, ಮುಂದೇನು ಬರುತ್ತದೆಂದು ಬಾಯಿಪಾಠ ಮಾಡಬೇಕು ಎಂದು ಗೊತ್ತಾಯಿತು. ರಸ್ತೆ ಬದಿಯ ಎರಡನೇ ಫಲಕ ದಾಟಿದ ತಕ್ಷಣ ಬ್ರೇಕು, ಬಿಟ್ಟು ತಿರುಗಿಸು, ಹೊರಗಿನಿಂದ ಒಳಕ್ಕೆ, ಒಳಗಿನಿಂದ ಮತ್ತೆ ಹೊರಕ್ಕೆ.

ಆಮೇಲೆ ಕಾರ್ಡ್ ಹಾಕಿದಳು. ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಸಾದಾ ಕಾರ್ಡಿನಿಂದ ಹೊಸದಕ್ಕೆ ಒಂದು ಗೇಣುದ್ದದ ತಂತಿ, ಹೊಸದರಿಂದ ಮಾನಿಟರಿಗೆ ಇನ್ನೊಂದು. ಆಟ ಶುರುವಾದಾಗ ಕಂಪ್ಯೂಟರಿನ ಡಬ್ಬದೊಳಗೆ 'ಟಕ್' ಎಂದು ಹೊಸ ಕಾರ್ಡ್ ಕೆಲಸಕ್ಕಿಳಿಯಿತು. ರಸ್ತೆ ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಹರಿಯಿತು. ಪ್ರತಿ ಸುತ್ತಿನಲ್ಲೂ ನಾಲ್ಕು ಸೆಕೆಂಡು ಉಳಿಯಿತು. ಅನಿಮೇಷನ್ ಕೋರ್ಸಿಗೆ ಕೊನೆಗೂ ಯಾರೂ ಸೇರಲಿಲ್ಲ. ಕೇಂದ್ರ ಮುಚ್ಚಿದಾಗ ಆ ಕಂಪ್ಯೂಟರು ಬಸವೇಶ್ವರನಗರದ ಇವರ ಮನೆಗೆ ಬಂತು. ಕಾರ್ಡ್ ಸತ್ತು ಈಗ ಹನ್ನೊಂದು ವರ್ಷವಾಯಿತು. ಅಂಥದ್ದು ಎಲ್ಲೂ ಸಿಗಲಿಲ್ಲ. ಅಲಮೇಲು ಮತ್ತೆ ಕುಂಟುವ ಚಿತ್ರಕ್ಕೇ ಮರಳಿದಳು, ಆಟ ಬಿಡಲಿಲ್ಲ.

ಕಳೆದ ವರ್ಷ ನಾಣಿಯ ಬಲಭುಜ ಬಿಗಿದುಕೊಂಡಿತು. ಕೈ ಎದೆಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ವಾರಕ್ಕೆ ಮೂರು ದಿನ ಕೆಂಗೇರಿಯಲ್ಲಿ ಫಿಸಿಯೋಥೆರಪಿ, ಕಾರು ಮಾತ್ರ ಮನೆ ಮುಂದೆ ಧೂಳು ತಿನ್ನುತ್ತಾ ನಿಂತಿತ್ತು. ಎರಡು ವಾರ ಆಟೋದವರ ಹತ್ತಿರ ವಾದ ಮಾಡಿ ಸಾಕಾಗಿ, ಅಲಮೇಲು ಮಾರೇನಹಳ್ಳಿಯ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಐವತ್ತೆರಡನೇ ವಯಸ್ಸಿನಲ್ಲಿ.

ಕಲಿಸುವವನು ರುದ್ರೇಶ, ರಾಣೆಬೆನ್ನೂರಿನ ಕಡೆಯವನು, ಮೂವತ್ತೈದರ ಆಸುಪಾಸು. ಅವನ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು. ಮೊದಲ ವಾರ ಅವಳಿಗಿಂತ ಹೆಚ್ಚು ತುಳಿದವನು ಅವನೇ.

"ಮೇಡಮ್ಮರ, ಎಡಕ್ಕ ತಿರುಗಬೇಕು, ಬಲಕ್ಕ ಯಾಕ್ ಹೊಂಟ್ರಿ?"

"ಹೊರಗಿಂದ ಒಳಗೆ ಬಂದ್ರೆ ತಿರುವು ಅಗಲ ಆಗುತ್ತೆ ರುದ್ರೇಶ್."

"ಅಗಲ ಆದ ಜಾಗದಾಗ ಆಟೋ ಬಂದು ನಿಂತೈತಿ, ನೋಡ್ರಿ."

ನಿಜವಾಗಿಯೂ ನಿಂತಿತ್ತು. ಡ್ರೈವರ್ ತಲೆ ಹೊರಗೆ ಹಾಕಿ "ಯಾವ್ ಕಡೆ ಹೋಗ್ತೀರಾ ಆಂಟಿ, ಒಂದ್ ಕಡೆ ಹೋಗಿ" ಎಂದ. ಅಲಮೇಲುವಿನ ಕಿವಿ ಕೆಂಪಾಯಿತು.

ಅದಕ್ಕಿಂತ ದೊಡ್ಡ ಪೇಚು ಬ್ರೇಕಿನದು. ಕೀಬೋರ್ಡಿನಲ್ಲಿ ಬ್ರೇಕ್ ಎಂದರೆ ಒಂದು ಕೀ. ಒತ್ತಿದರೆ ಪೂರ್ತಿ, ಬಿಟ್ಟರೆ ಏನೂ ಇಲ್ಲ. ನಡುವಿನದು ಬೇಕೆಂದರೆ ಟಕ ಟಕ ಟಕ ಎಂದು ಬಡಿಯಬೇಕು. ಇಪ್ಪತ್ತೇಳು ವರ್ಷದ ಆ ಅಭ್ಯಾಸ ಬೆರಳಿನಿಂದ ಈಗ ಕಾಲಿಗೆ ಇಳಿದಿತ್ತು. ಪ್ರತಿ ಸಿಗ್ನಲ್ಲಿನಲ್ಲೂ ಇಬ್ಬರ ತಲೆಯೂ ಹಿಂದೆ ಮುಂದೆ ಆಡುತ್ತಿತ್ತು.

"ಮೇಡಮ್ಮರ, ನನ್ನ ಕುತಿಗಿ ಹೋತು. ನಾನೂ ನಿಮ್ಮ ಯಜಮಾನರ ಡಾಕ್ಟರ್ ಹತ್ರಾನ ಹೋಗಬೇಕಾಗತೈತಿ."

"ನಾನು ಬೇಕಂತ ಮಾಡ್ತಾ ಇದೀನಾ? ಕಾಲು ಕೇಳಲ್ಲ!" ಎಂದು ಅವಳು ಸ್ಟೇರಿಂಗ್ ಮೇಲೆ ಕೈ ಕುಟ್ಟಿದಳು. ಹಾರ್ನ್ ಹೊಡೆಯಿತು. ಮುಂದಿದ್ದ ಸ್ಕೂಟರಿನವರು ತಿರುಗಿ ನೋಡಿದರು.

ಒಂದು ಬೆಳಿಗ್ಗೆ ಪಾಠ ಮುಗಿಸಿ ಮನೆಯ ಹತ್ತಿರವೇ ಇಳಿದಾಗ ನಾಣಿ ಗೇಟಿನಲ್ಲಿ ನಿಂತಿದ್ದ. "ಬನ್ನಿ, ಕಾಫಿ ಕುಡಿದು ಹೋಗಿ. ಇವಳು ಎಲ್ಲಿ ಕಲಿತಿದ್ದು ಅಂತ ತೋರಿಸ್ತೀನಿ" ಎಂದು ರುದ್ರೇಶನನ್ನು ಒಳಗೆ ಕರೆದ. ಅಣಕಿಸುವುದಕ್ಕೇ ಕರೆದದ್ದೆಂದು ಅಲಮೇಲುವಿಗೆ ಗೊತ್ತಿತ್ತು. ಆದರೂ ಕಂಪ್ಯೂಟರ್ ಹಾಕಿ ಕೀಬೋರ್ಡನ್ನು ರುದ್ರೇಶನ ಮುಂದಿಟ್ಟಳು.

ಹತ್ತು ವರ್ಷ ಲಾರಿ ಓಡಿಸಿದ್ದ ರುದ್ರೇಶ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದ. ಮತ್ತೆ ಗುದ್ದಿದ. ಏಳನೇ ಸಲ ಕೀಬೋರ್ಡನ್ನು ಆಚೆ ತಳ್ಳಿದ. "ತಿರುವು ಕಂಡ ಕೂಡಲೇ ಬ್ರೇಕ್ ಹಾಕೇನ್ರಿ! ಏನ್ ದರಿದ್ರ ಗಾಡಿ ಇದು?"

"ಕಂಡ ಕೂಡಲೇ ಹಾಕಿದ್ರೆ ತಡ ಆಯ್ತು. ಇಲ್ಲಿ ಕಾಣೋದು ಹಳೇ ಸುದ್ದಿ. ಕಾರು ಆಗ್ಲೇ ಮುಂದೆ ಹೋಗಿರುತ್ತೆ" ಎಂದು ಅಲಮೇಲು ಕೀಬೋರ್ಡ್ ಎಳೆದುಕೊಂಡು ಒಂದು ಸುತ್ತು ಓಡಿಸಿ ತೋರಿಸಿದಳು. ಕುಂಟುವ ರಸ್ತೆಯಲ್ಲಿ ಕಾರು ಎಲ್ಲೂ ತಾಗದೆ ಸುತ್ತಿ ಬಂತು. ರುದ್ರೇಶನ ಕಣ್ಣು ಪರದೆ ಬಿಟ್ಟು ಅವಳ ಬೆರಳಿನ ಮೇಲೆ ಹೋಯಿತು.

"ಹೌದಲ್ರಿ, ನೇರ ಇದ್ದಾಗ ಬ್ರೇಕ್ ಹಾಕ್ತೀರಿ, ಬಿಟ್ಟ ಮ್ಯಾಲೆ ತಿರುಗಸ್ತೀರಿ. ಖರೇ ಅಂದ್ರ ಲಾರಿಗೂ ಹಂಗ ಮಾಡಬೇಕ್ರಿ. ಬುದ್ಧಿ ಸರಿ ಐತಿ. ಕಾಲಿಗೆ ಗೊತ್ತಾಗವಲ್ದು ಅಷ್ಟ."

ನಾಣಿ ಕಾಫಿ ಲೋಟ ನೋಡುತ್ತಾ ಕೂತ.

ಮರುದಿನದಿಂದ ರುದ್ರೇಶ ಬೇರೆ ರೀತಿ ಹೇಳಿಕೊಡತೊಡಗಿದ. "ಕೀ ಮರ್ತುಬಿಡ್ರಿ. ಚಪಾತಿ ಹಿಟ್ಟು ಒತ್ತಿದಂಗ ಒತ್ರಿ, ಬಿಡಾಗನೂ ಮೆಲ್ಲಕ ಬಿಡ್ರಿ." ಹದಿನೈದು ದಿನ ಬೇಕಾಯಿತು. ಒಂದು ಭಾನುವಾರ ಬೆಳಿಗ್ಗೆ, ಕೆಂಗೇರಿ ಆಚೆ ಕೊಮ್ಮಘಟ್ಟದ ಕಡೆ ರಸ್ತೆ ಖಾಲಿ ಇತ್ತು. ಉದ್ದನೆಯ ಎಡತಿರುವು ದೂರದಲ್ಲೇ ಕಂಡಿತು. ಅಲಮೇಲು ತನ್ನ ಲೇನಿನಲ್ಲೇ ಇದ್ದಳು. ನೇರದಲ್ಲೇ ಬ್ರೇಕ್ ಒತ್ತಿ, ಮೆಲ್ಲಗೆ ಬಿಟ್ಟು, ತಿರುಗಿಸಿದಳು. ಮೈಯೆಲ್ಲ ಬಲಕ್ಕೆ, ಬಾಗಿಲಿನ ಕಡೆಗೆ ವಾಲಿತು. ಪಕ್ಕದಲ್ಲಿ ಕೂತು ಸಾವಿರ ಸಲ ವಾಲಿದ್ದಳು. ಆದರೆ ತಾನೇ ತಿರುಗಿಸಿದ್ದಕ್ಕೆ ವಾಲಿದ್ದು ಇದೇ ಮೊದಲು. ಎಷ್ಟು ತಿರುಗಿಸಿದರೆ ಎಷ್ಟು ಭಾರ ಎಂಬುದು ಸೊಂಟಕ್ಕೇ ತಿಳಿಯುತ್ತಿತ್ತು. ಯಾವ ಕಾರ್ಡೂ ಇದನ್ನು ತೋರಿಸಿರಲಿಲ್ಲ. ರುದ್ರೇಶನ ಕಾಲು ಅಲುಗಲಿಲ್ಲ. ಅವಳ ಕಣ್ಣು ಯಾಕೋ ಮಂಜಾಯಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಇಷ್ಟಾದರೂ ಮೊದಲ ಟೆಸ್ಟಿನಲ್ಲಿ ಫೇಲಾದಳು. ಹಿಮ್ಮುಖವಾಗಿ ಹೋಗಬೇಕಿತ್ತು. ಆ ಆಟದಲ್ಲಿ ರಿವರ್ಸ್ ಗೇರ್ ಬೇಕಾಗುತ್ತಿದ್ದದ್ದು ಗೋಡೆಗೆ ಗುದ್ದಿದ ಮೇಲೆ ಮಾತ್ರ. ಅವಳು ಗುದ್ದುವುದನ್ನು ಬಿಟ್ಟು ಇಪ್ಪತ್ತೈದು ವರ್ಷವಾಗಿತ್ತು. ಒಂದು ಕಂಬಕ್ಕೆ ತಾಗಿಸಿದಳು. ಮನೆಗೆ ಬಂದವಳು ಮೂರು ದಿನ ಡ್ರೈವಿಂಗ್ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ನಾಣಿಯೇ ರುದ್ರೇಶನನ್ನು ಕರೆಸಿ, ಕಂಬಗಳ ಬದಲಿಗೆ ಎರಡು ಖಾಲಿ ಬಕೆಟ್‌ಗಳನ್ನು ನೋವಿಲ್ಲದ ಕೈಯಲ್ಲೇ ಒಂದೊಂದಾಗಿ ಮನೆ ಹತ್ತಿರದ ಮೈದಾನದ ಪಕ್ಕದ ಖಾಲಿ ರಸ್ತೆಗೆ ತಂದ. ರುದ್ರೇಶ ಪಕ್ಕದಲ್ಲಿ ಕೂತ, ನಾಣಿ ಹಿಂದೆ ನಿಂತು ಬಕೆಟ್ ಜರುಗಿಸುತ್ತಾ "ಬಾ, ಬಾ, ಇನ್ನೂ ಬಾ" ಎಂದ. ಬಕೆಟ್ ಎರಡೂ ಸೊಟ್ಟಗಾದವು. ಮುಂದಿನ ತಿಂಗಳು ಲೈಸೆನ್ಸ್ ಬಂತು.

ಈಗ ವಾರಕ್ಕೆ ಮೂರು ದಿನ ಅಲಮೇಲುವೇ ನಾಣಿಯನ್ನು ಕೆಂಗೇರಿಗೆ ಕರೆದುಕೊಂಡು ಹೋಗುತ್ತಾಳೆ. ಮೊದಲ ದಿನ ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಿಂತದ್ದು ಮುಕ್ಕಾಲು ಗಂಟೆ. ಮುಂದೆ ಬಸ್ಸು, ಎಡಕ್ಕೆ ಟೆಂಪೋ, ಬಲಕ್ಕೆ ಊಟದ ಪೆಟ್ಟಿಗೆ ಹೊತ್ತ ಬೈಕುಗಳು. ಒಂದನೇ ಗೇರಿನಿಂದ ಎರಡನೆಯದಕ್ಕೆ ಹೋಗುವ ಮುಂಚೆ ಮತ್ತೆ ಕ್ಲಚ್ಚು.

"ಇಷ್ಟು ಕಲಿತಿದ್ದು ಇದಕ್ಕಾ?" ಎಂದಳು.

"ಇನ್ನೇನು ಮಾಡೋದು, ಎಲ್ಲರೂ ಹೋಗ್ಬೇಕಲ್ಲ" ಎಂದ ನಾಣಿ, ಮೊಬೈಲಿನಿಂದ ತಲೆ ಎತ್ತದೆ.

ಹಿಂದಿನವನು ಹಾರ್ನ್ ಹೊಡೆದ. ಮುಂದಿನ ಬಸ್ಸು ಮೂರಡಿ ಸರಿಯಿತು. ಅಲಮೇಲು ಕ್ಲಚ್ ಬಿಡುತ್ತಾ ಮೂರಡಿ ಮುಂದೆ ಹೋಗಿ, ಹಿಟ್ಟು ಒತ್ತಿದ ಹಾಗೆ ಬ್ರೇಕ್ ಒತ್ತಿ, ಮತ್ತೆ ನಿಂತಳು.